ಮೂರು ಹೆರಿಗೆ, ಮೂರು ಥರದ ಬ್ಯಾನಿ

ತಂಗಿಗೆ ಈಗ ಎಂಟು ತಿಂಗಳು. ಹೋದ ವಾರ ಕೊಪ್ಪಳದಲ್ಲಿ ಕುಬಸ ಮುಗಿದ ಮೇಲೆ, ಉಡಿ ತುಂಬಿದ ಹಸಿರು ಸೀರೆಯಲ್ಲೇ ನನ್ನ ಪಕ್ಕ ಬಂದು ಕೂತವಳು ಕೇಳಿದಳು: "ಅಕ್ಕಾ, ಬೆನ್ನಿಗೆ ಸೂಜಿ ಹಾಕ್ಸ್ಕೊಂಡು ಹಡಿಯೋದು ಚಲೋನೋ, ಹಂಗ ಬ್ಯಾನಿ ತಿಂದು ಹಡಿಯೋದು ಚಲೋನೋ? ನೀ ಎರಡೂ ಕಂಡಾಕಿ."

ಎರಡಲ್ಲ, ಮೂರು. 2014ರಲ್ಲಿ ನೋವಿಗೆ ಯಾವ ಔಷಧಿಯೂ ಇಲ್ಲದೆ, 2018ರಲ್ಲಿ ಎಪಿಡ್ಯೂರಲ್ (ತಂಗಿ ಕೇಳಿದ ಆ ಬೆನ್ನಿನ ಸೂಜಿ, ಬ್ಯಾನಿಯ ನೋವು ಕಳೆಯುವಂಥದ್ದು) ಹಾಕಿಸಿಕೊಂಡು, 2022ರಲ್ಲಿ ಮತ್ತೆ ಔಷಧಿ ಇಲ್ಲದೆ. ಊರಿನವರು ಮೊದಲನೆಯದಕ್ಕೂ ಮೂರನೆಯದಕ್ಕೂ "ನಾರ್ಮಲ್" ಅನ್ನುವ ಒಂದೇ ಹೆಸರು ಇಡುತ್ತಾರೆ. ನನ್ನ ಮೈಗೆ ಗೊತ್ತಿರುವುದು ಬೇರೆ. ಆ ಎರಡರ ನಡುವೆ ಇರುವಷ್ಟು ಅಂತರ ಸೂಜಿ ಹಾಕಿಸಿಕೊಂಡದ್ದಕ್ಕೂ ಹಾಕಿಸಿಕೊಳ್ಳದ್ದಕ್ಕೂ ನಡುವೆ ಇಲ್ಲ.

ಮೊದಲನೆಯದು ತವರಿನ ಕಡೆಯ ಒಂದು ಆಸ್ಪತ್ರೆಯಲ್ಲಿ, ಮೇ ತಿಂಗಳ ಬಿಸಿಲಿನಲ್ಲಿ. ಅವ್ವನನ್ನು ಬಾಗಿಲ ಹೊರಗೇ ನಿಲ್ಲಿಸಿದರು. ನನ್ನನ್ನು ಅಂಗಾತ ಮಲಗಿಸಿ, "ನೋವಿನ ಇಂಜೆಕ್ಷನ್ ಹಾಕ್ತೀವಿ" ಅಂದರು. ನಾನು ಹೂಂ ಅಂದೆ, ನೋವು ಇಳಿಯುತ್ತದೆ ಅಂದುಕೊಂಡು. ಚೊಚ್ಚಲ ಬಸುರಿಯರು ಇದನ್ನು ತಿಳಿದಿರಬೇಕು: ನಮ್ಮ ಕಡೆ ಹೆರಿಗೆ ಕೋಣೆಯಲ್ಲಿ ನೋವಿನ ಇಂಜೆಕ್ಷನ್ ಅಂದರೆ ನೋವು ಕಳೆಯುವುದಲ್ಲ, ನೋವು ಬರಿಸುವುದು. ಅದು ಆಕ್ಸಿಟೋಸಿನ್. ಡ್ರಿಪ್ ಹತ್ತಿದ ಮೇಲೆ ಒಂದು ಬ್ಯಾನಿಗೂ ಇನ್ನೊಂದಕ್ಕೂ ನಡುವೆ ನೀರು ಗುಟುಕರಿಸುವಷ್ಟೂ ಬಿಡುವು ಸಿಗಲಿಲ್ಲ. ಮಗ್ಗುಲಾದರೆ ಗದರುತ್ತಿದ್ದರು. ತುಂಬಿದ ಬಸುರಿ ಅಂಗಾತ ಮಲಗಿದರೆ ಗರ್ಭದ ಭಾರ ಹಿಂದಿನ ದೊಡ್ಡ ರಕ್ತನಾಳದ ಮೇಲೆ ಬಿದ್ದು ಕೂಸಿಗೆ ಹೋಗುವ ರಕ್ತವೂ ಕಡಿಮೆಯಾಗಬಹುದು ಅಂತ ನನಗೆ ತಿಳಿದದ್ದು ಎಷ್ಟೋ ದಿನಗಳ ಮೇಲೆ. ಹದಿನಾಲ್ಕು ಗಂಟೆ ಹಾಗೇ ಕಳೆಯಿತು. ಕೊನೆಗೆ ಕೆಳಗೆ ಕೊಯ್ದು ಮಗಳನ್ನು ತೆಗೆದರು. ಆ ಹೊಲಿಗೆಯಿಂದಾಗಿ ಇಪ್ಪತ್ತು ದಿನ ನೆಟ್ಟಗೆ ಕೂರಲಾಗಲಿಲ್ಲ. ಅವಳ ಮುಖ ಮೊದಲು ಕಂಡದ್ದಕ್ಕಿಂತ ಎದುರು ಗೋಡೆಯ ಗಡಿಯಾರವೇ ನನಗೆ ಹೆಚ್ಚು ನೆನಪಿದೆ. ಇದು ನನ್ನನ್ನು ಇವತ್ತಿಗೂ ನೋಯಿಸುತ್ತದೆ.

ಆ ಭಯಕ್ಕೇ ಎರಡನೆಯ ಸಲ ಬಳ್ಳಾರಿಯ ಖಾಸಗಿ ಆಸ್ಪತ್ರೆಗೆ ಹೋಗಿ ಎಪಿಡ್ಯೂರಲ್ ಬೇಕೇ ಬೇಕು ಅಂದೆ. ಅರಿವಳಿಕೆ ವೈದ್ಯರಿಗೆ ಬೇರೆಯಾಗಿ 8,000 ರೂಪಾಯಿ ಕಟ್ಟಿದೆವು. ಗದ್ದ ಎದೆಗೆ ಹಚ್ಚಿ, ಬೆನ್ನು ಬಿಲ್ಲಿನ ಹಾಗೆ ಬಾಗಿಸಿ ಕೂರಬೇಕು, ಬ್ಯಾನಿ ಬಂದರೂ ಅಲುಗಾಡಬಾರದು. ಅದೇ ಕಷ್ಟದ ಗಳಿಗೆ. ಸೊಂಟದ ಮಣಿಗಳ ನಡುವೆ ಸೂಜಿ ತೂರಿಸಿ, ತೆಳ್ಳನೆಯ ನಳಿಗೆ ಬಿಟ್ಟು, ಸೂಜಿ ಹೊರಗೆ ತೆಗೆಯುತ್ತಾರೆ. ಔಷಧಿ ಹೋಗುವುದು ಆ ನಳಿಗೆಯಿಂದ. ಇಪ್ಪತ್ತು ನಿಮಿಷದಲ್ಲಿ ಬ್ಯಾನಿ ಯಾರದೋ ಹೊಟ್ಟೆಯದು ಅನ್ನುವಂತಾಯಿತು. ಎರಡು ಗಂಟೆ ನಿದ್ದೆ ಮಾಡಿದೆ. ಹೆರಿಗೆ ಕೋಣೆಯಲ್ಲಿ ನಿದ್ದೆ! ಇದನ್ನು ಹೀಗಳೆಯಲು ನನಗೆ ಬಾಯಿ ಬರುವುದಿಲ್ಲ.

ತೊಂದರೆಯೂ ಇತ್ತು. ಬಿಪಿ ಇಳಿದು ಕಣ್ಣು ಕತ್ತಲೆ ಬಂತು, ಸಲೈನ್ ಜೋರು ಬಿಟ್ಟರು. ಮೈ ನಡುಗಿತು. ಮೂತ್ರಕ್ಕೆ ನಳಿಗೆ ಹಾಕಿದರು. ಕಾಲು ಎತ್ತಲಾಗದೆ ಮಂಚ ಬಿಟ್ಟು ಇಳಿಯುವ ಮಾತೇ ಇರಲಿಲ್ಲ. ಕೂಸನ್ನು ಹೊರಗೆ ತಳ್ಳಲು ಮುಕ್ಕುವ ಹೊತ್ತಿಗೆ ಎಲ್ಲಿ ಮುಕ್ಕಬೇಕು ಅನ್ನುವುದೇ ತಿಳಿಯದು. ಸಿಸ್ಟರ್ ಹೊಟ್ಟೆಯ ಮೇಲೆ ಕೈಯಿಟ್ಟು "ಈಗ ಬಂತು, ಮುಕ್ಕಮ್ಮ" ಅಂದಾಗ ಮುಕ್ಕುತ್ತಿದ್ದೆ. ಬಹಳ ಹೊತ್ತು ಹಿಡಿದು, ಕೂಸಿನ ತಲೆಗೆ ವ್ಯಾಕ್ಯೂಮ್ ಬಟ್ಟಲು ಹಚ್ಚಿ ಎಳೆದು ಮಗನನ್ನು ತೆಗೆದರು. ಎಪಿಡ್ಯೂರಲ್ ಹಾಕಿಸಿಕೊಂಡರೆ ಮುಕ್ಕುವ ಹಂತ ಉದ್ದವಾಗುವುದುಂಟು. ಆದರೆ ಅದರಿಂದ ಸಿಜೇರಿಯನ್ ಹೆಚ್ಚಾಗುತ್ತದೆ, ಜನ್ಮಪೂರ್ತಿ ಬೆನ್ನುನೋವು ಅಂಟುತ್ತದೆ ಅಂತ ಓಣಿಯವರು ಹೆದರಿಸುತ್ತಾರಲ್ಲ, ಅದು ನಿಜವಲ್ಲ. ಬೆನ್ನುನೋವು ನನಗೆ ಮೂರೂ ಬಾಣಂತನದಲ್ಲಿ ಇತ್ತು.

ಮೂರನೆಯದು ಸರ್ಕಾರಿ ಆಸ್ಪತ್ರೆಯಲ್ಲಿ, ಆದರೆ ಕಾಲ ಬದಲಾಗಿತ್ತು. ಹೆರಿಗೆ ಕೋಣೆಯಲ್ಲಿ ಜೊತೆಗೊಬ್ಬ ಹೆಂಗಸು ಇರಬಹುದು ಅಂತ ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಹೇಳಿದೆ. ಅಡ್ಡಾಡಲಿ, ಕೂರಲಿ, ತನಗೆ ಹಿತವಾದ ಭಂಗಿಯಲ್ಲಿರಲಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ 2018ರ ಸೂಚನೆಗಳೂ ಇವೆ. ಅತ್ತೆ ಒಳಗೆ ಬಂದರು. ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ಪೇಪರಿನ ಫೋಟೋ ನೋಡಿ, "ನಮ್ಮೂರಾಗೂ ಇಂಥಾಕಿ ಒಬ್ಬಾಕಿ ಇದ್ಲು, ಜಂತಿಗೆ ಹಗ್ಗ ಕಟ್ಟಿ ಕುಕ್ಕರಗಾಲಲ್ಲಿ ಕೂಡಿಸ್ತಿದ್ಲು" ಅಂದಿದ್ದರು. ಹಗ್ಗ ಇರಲಿಲ್ಲ, ಕಿಟಕಿಯ ಸರಳು ಇತ್ತು. ಬ್ಯಾನಿ ಬಂದಾಗ ಸರಳು ಹಿಡಿದು ಮುಂದಕ್ಕೆ ಬಾಗುತ್ತಿದ್ದೆ. ಅತ್ತೆ ಬಿಸಿ ಔಡಲೆಣ್ಣೆ ಹಚ್ಚಿದ ಮುಷ್ಟಿಯನ್ನು ಸೊಂಟದ ಕೆಳಗಿನ ಎಲುಬಿಗೆ ಒತ್ತಿ ಹಿಡಿಯುತ್ತಿದ್ದರು. ತಿಕ್ಕುವುದಲ್ಲ, ಒತ್ತಿ ನಿಲ್ಲುವುದು. ಅವರ ಬಳೆ ನನ್ನ ಬೆನ್ನಿಗೆ ಚುಚ್ಚುತ್ತಿತ್ತು, ಅದೂ ಹಿತವಾಗಿತ್ತು. ಬ್ಯಾನಿ ಇಳಿದಾಗ ನಡೆದಾಟ, ಎರಡು ಗುಟುಕು ಗಂಜಿ.

ಮೊಬೈಲಿನಲ್ಲಿ ಹಾಕಿಕೊಂಡು ಹೋದ ಹಾಡು ಉಪಯೋಗಕ್ಕೆ ಬರಲಿಲ್ಲ. ಉಸಿರು ಎಣಿಸುವುದು ಗರ್ಭದ ಬಾಯಿ ಏಳು ಸೆಂಟಿಮೀಟರ್ ತೆರೆಯುವವರೆಗೆ ಕೈ ಹಿಡಿಯಿತು. ಎಂಟಕ್ಕೆ ಬಂದಾಗ ಎಲ್ಲ ತಪ್ಪಿಹೋಗಿ, "ನನ್ನ ಕೈಲಿ ಆಗಂಗಿಲ್ರೀ, ಕೊಯ್ದು ತೆಗೀರಿ" ಅಂತ ಅತ್ತುಬಿಟ್ಟೆ. ಸಿಸ್ಟರ್ ಬೆವರು ಒರೆಸಿ, "ಹಿಂಗ ಅಂದ್ರ ಇನ್ನೇನ್ ಹೊತ್ತಾಗಂಗಿಲ್ಲ, ತಂಗಿ" ಅಂದರು. ಅರ್ಧ ಗಂಟೆಯೊಳಗೆ, ಎಡ ಮಗ್ಗುಲಲ್ಲಿ ಮಲಗಿದ್ದಾಗಲೇ, ಚಿಕ್ಕವಳು ಬಂದಳು. ಎರಡೇ ಹೊಲಿಗೆ. ಒದ್ದೆ ಮೈಯ ಕೂಸನ್ನು ಎದೆಯ ಮೇಲಿಟ್ಟರು. ಅದರ ತಲೆಯ ವಾಸನೆ ಈಗಲೂ ಮೂಗಿನಲ್ಲಿದೆ.

ನೋವು ಕಡಿಮೆಯಿತ್ತೇ? ಇಲ್ಲ. ತುದಿಯಲ್ಲಿ ಅದು ಮೊದಲನೆಯದಷ್ಟೇ ಇತ್ತು. ಆದರೆ ಹೆದರಿಕೆ ಇರಲಿಲ್ಲ. ಮೂರನೆಯ ಹೆರಿಗೆ ಸಾಮಾನ್ಯವಾಗಿ ಬೇಗ ಆಗುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಚೊಚ್ಚಲಿಗೇ ಅತ್ತೆಯ ಮುಷ್ಟಿ ಸಿಕ್ಕಿದ್ದರೂ ಇಷ್ಟು ಸಲೀಸಾಗುತ್ತಿತ್ತು ಅಂತ ನಾನು ಹೇಳಲಾರೆ.

ಔಷಧಿ ಬೇಡ ಅಂದವಳು ಒಂದನ್ನು ಮಾತ್ರ ಬೇಡ ಅನ್ನಲಿಲ್ಲ. ಕೂಸು ಹೊರಬಂದ ಕೂಡಲೇ ತೊಡೆಗೆ ಕೊಡುವ 10 ಯೂನಿಟ್ ಆಕ್ಸಿಟೋಸಿನ್. ಅದು ನೋವಿನ ಲೆಕ್ಕದ್ದಲ್ಲ, ರಕ್ತಸ್ರಾವ ತಡೆಯುವುದಕ್ಕೆ. ಬಾಣಂತಿಯರ ಜೀವ ಹೆಚ್ಚಾಗಿ ಹೋಗುವುದು ರಕ್ತಸ್ರಾವದಿಂದಲೇ. ಸಹಜ ಹೆರಿಗೆ ಅಂತ ಮನೆಯಲ್ಲೇ ಹೆರುತ್ತೇನೆ ಅನ್ನುವವರಿಗೆ ಕೈಮುಗಿದು ಹೇಳುತ್ತೇನೆ, ಬೇಡ.

ತಂಗಿಗೆ ನಾನು ಸೂಜಿ ಬೇಕು ಅಂತಲೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಆಸ್ಪತ್ರೆಯಲ್ಲಿ ಕೇಳಬೇಕಾದ್ದನ್ನು ಬರೆದುಕೊಟ್ಟೆ: ಜೊತೆಗೆ ಒಬ್ಬರನ್ನು ಒಳಗೆ ಬಿಡುತ್ತಾರೋ, ಬ್ಯಾನಿಯಲ್ಲಿ ಅಡ್ಡಾಡಲು ಬಿಡುತ್ತಾರೋ, ಡ್ರಿಪ್ ಹಾಕುವ ಮುಂಚೆ ಯಾಕೆ ಅಂತ ಹೇಳುತ್ತಾರೋ, ನಡುರಾತ್ರಿ ಸೂಜಿ ಬೇಕು ಅನ್ನಿಸಿದರೆ ಅರಿವಳಿಕೆ ವೈದ್ಯರು ಸಿಗುತ್ತಾರೋ. ಮೊನ್ನೆ ಹೋಗಿ ಕೇಳಿಕೊಂಡು ಬಂದಳು. ಮೊದಲ ಮೂರಕ್ಕೆ ಹೌದು ಅಂದರಂತೆ. ಜೊತೆಯವರ ಹೆಸರಿನ ಜಾಗದಲ್ಲಿ ನನ್ನ ಹೆಸರು ಬರೆಸಿದ್ದಾಳೆ. ತಾಯಿ ಕಾರ್ಡಿನ ಜೊತೆ ಔಡಲೆಣ್ಣೆ ಶೀಶೆಯನ್ನೂ ಅವಳ ಚೀಲದಲ್ಲಿ ಇಟ್ಟು ಬಂದಿದ್ದೇನೆ.