ಟ್ರೆಕ್ ಬ್ಯಾಗಿನಲ್ಲಿ ಸ್ಟೀಲ್ ಕಾಫಿ ಫಿಲ್ಟರ್: ನಾಲ್ಕು ವರ್ಷ ಬಳಸಿದ ಮೇಲೆ

ಸಾಮಾನು ಇಷ್ಟೇ: ಪಾತ್ರೆ ಅಂಗಡಿಯ ಎರಡು ಲೋಟದ ಸ್ಟೀಲ್ ಫಿಲ್ಟರ್, ಮುಚ್ಚಳ ಮತ್ತು ಒತ್ತುವ ಬಿಲ್ಲೆ ಸೇರಿ 180 ಗ್ರಾಂ. ಜೊತೆಗೆ 230 ಗ್ರಾಮಿನ ಗ್ಯಾಸ್ ಕ್ಯಾನಿಸ್ಟರ್, ಅದರ ತಲೆಗೆ ತಿರುಗಿಸಿ ಕೂರಿಸುವ ಮಡಚುವ ಬರ್ನರ್, 750 ಮಿ.ಲೀ. ಹಿಡಿಯುವ ಪಾತ್ರೆ. ಬೆಳಿಗ್ಗೆ ಹತ್ತಿ ಸಂಜೆ ಇಳಿಯುವ ಹಾದಿಗೆ ಈ ಫಿಲ್ಟರ್ ಬೇಡ. ರಾತ್ರಿ ಟೆಂಟಿನಲ್ಲಿ ತಂಗುವುದಿದ್ದರೆ ಮಾತ್ರ ಹೊರಿ. ಡಿಕಾಕ್ಷನ್ ಇಳಿಯಲು 15ರಿಂದ 20 ನಿಮಿಷ ಬೇಕು, ಟೆಂಟ್ ಮಡಚಿ ಬ್ಯಾಗು ಕಟ್ಟುವುದಕ್ಕೂ ಅಷ್ಟೇ ಹೊತ್ತು ಹಿಡಿಯುತ್ತದೆ.

ಇಬ್ಬರಿಗೆ 20 ಗ್ರಾಂ ಪುಡಿ, 120 ಮಿ.ಲೀ. ನೀರು. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಹೀರಿ ಇಟ್ಟುಕೊಳ್ಳುವುದರಿಂದ ಕೆಳಗಿಳಿಯುವುದು 80 ಮಿ.ಲೀ. ಮಾತ್ರ. ಚಿಕೋರಿ ನೂರಕ್ಕೆ 20ರಷ್ಟಿದ್ದರೆ ಸಾಕು. 40ಕ್ಕೆ ಹೋದರೆ ಅದು ನೀರಲ್ಲಿ ಕರಗಿ ಅಂಟಾಗಿ ತೂತು ಕಟ್ಟುತ್ತದೆ, ಚಳಿಯಲ್ಲಂತೂ ಇನ್ನೂ ಬೇಗ. ಮೊದಲು ಖಾಲಿ ಫಿಲ್ಟರಿಗೆ ಒಂದಿಷ್ಟು ಕುದಿನೀರು ಹೊಯ್ದು ಚೆಲ್ಲಿ. ತೆಳು ಸ್ಟೀಲು ಶಾಖವನ್ನು ಗಾಳಿಗೆ ಬಿಟ್ಟುಕೊಡುತ್ತದೆ, ಈ ಹೆಜ್ಜೆ ಬಿಟ್ಟರೆ ಡಿಕಾಕ್ಷನ್ ಉಗುರುಬೆಚ್ಚಗೂ ಸಿಗುವುದಿಲ್ಲ. ಪುಡಿ ಹಾಕಿ ತಟ್ಟಿ ಸಮ ಮಾಡಿ, ಬಿಲ್ಲೆ ಇಟ್ಟು, 30 ಮಿ.ಲೀ. ಸುತ್ತ ಹೊಯ್ದು ಅರ್ಧ ನಿಮಿಷ ಬಿಟ್ಟು, ಉಳಿದದ್ದನ್ನು ಸುರಿಯಿರಿ. ಮುಚ್ಚಳ ಹಾಕಿ ಉಣ್ಣೆ ಟೋಪಿಯೊಳಗೆ ಇಳಿಸಿಬಿಡಿ.

ತೊಟ್ಟಿಕ್ಕುವುದು ನಿಂತರೆ ಬಿಲ್ಲೆ ಒತ್ತುವುದು ಎಲ್ಲರೂ ಮಾಡುವ ತಪ್ಪು. ಒತ್ತಿದಷ್ಟೂ ಪುಡಿ ಗಟ್ಟಿಯಾಗುತ್ತದೆ. ಎಷ್ಟೋ ಸಲ ತಪ್ಪು ಪುಡಿಯದ್ದಲ್ಲ, ಗಾಳಿಯದ್ದು: ಎರಡು ಡಬ್ಬಿ ಬಿಗಿಯಾಗಿ ಕೂತು ಕೆಳಗಿನ ಗಾಳಿಗೆ ದಾರಿಯಿಲ್ಲದಿದ್ದರೆ ಡಿಕಾಕ್ಷನ್ ಇಳಿಯದು. ಮೇಲಿನ ಡಬ್ಬಿಯನ್ನು ಕೂದಲೆಳೆಯಷ್ಟು ಎತ್ತಿ ಇಡಿ, ಅಥವಾ ಅಂಚಿನಲ್ಲಿ ಬೆಂಕಿಕಡ್ಡಿ ಸಿಕ್ಕಿಸಿ. ಮೂರೇ ನಿಮಿಷದಲ್ಲಿ ನೀರೆಲ್ಲ ಇಳಿದುಬಿಟ್ಟಿತೋ, ಪುಡಿ ದಪ್ಪ ಅಂತ ಅರ್ಥ. ಕಾಡಲ್ಲಿ ಅದಕ್ಕೆ ಮದ್ದಿಲ್ಲ.

ತಣ್ಣಗಾದ ಡಿಕಾಕ್ಷನ್ನನ್ನು ಒಲೆಗೆ ಇಡಬೇಡಿ, ಕಹಿಯಾಗುತ್ತದೆ. ಕೆಳಡಬ್ಬಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಎರಡು ನಿಮಿಷ ನಿಲ್ಲಿಸಿದರೆ ಸಾಕು.

ಹಾಲು ಅಂದರೆ ಇಲ್ಲಿ ಹಾಲಿನ ಪುಡಿ. 200 ಮಿ.ಲೀ.ಗೆ 26 ಗ್ರಾಂ. ಪುಡಿಯನ್ನು ನೇರ ಬಿಸಿನೀರಿಗೆ ಸುರಿದರೆ ಗಂಟು ಖಚಿತ. 50 ಮಿ.ಲೀ. ತಣ್ಣೀರಲ್ಲಿ ಕಲಸಿಕೊಂಡು ಆಮೇಲೆ 150 ಮಿ.ಲೀ. ಬಿಸಿನೀರು ಬೆರೆಸಿ. ಡೈರಿ ವೈಟ್ನರ್ ಆದರೆ ಹಲವದರಲ್ಲಿ ಸಕ್ಕರೆ ಮೊದಲೇ ಇರುತ್ತದೆ, ಪೊಟ್ಟಣದ ಹಿಂಬದಿ ಓದಿ ಸಕ್ಕರೆ ಕಟ್ಟಿಕೊಳ್ಳಿ.

ಎತ್ತರ ಹೆಚ್ಚಿದಂತೆ ಏನಾಗುತ್ತದೆ? ಪ್ರತಿ 300 ಮೀಟರಿಗೆ ನೀರಿನ ಕುದಿಬಿಂದು ಹೆಚ್ಚುಕಡಿಮೆ 1 ಡಿಗ್ರಿ ಇಳಿಯುತ್ತದೆ. 1,930 ಮೀಟರಿನ ಮುಳ್ಳಯ್ಯನಗಿರಿಯಲ್ಲಿ ಸುಮಾರು 94, ಹಿಮಾಲಯದ 4,000 ಮೀಟರಿನಲ್ಲಿ 87ರ ಆಸುಪಾಸು. ನಮ್ಮ ಗಾಢ ಹುರಿತದ ಪುಡಿಗೆ ಇದರಿಂದ ದೊಡ್ಡ ನಷ್ಟವಿಲ್ಲ. ತಿಳಿ ಹುರಿತದ್ದು ಮಾತ್ರ ಹುಳಿಹುಳಿಯಾಗಿ ಉಳಿಯುತ್ತದೆ. ಚಹಾಕ್ಕೆ ಒಂದೆರಡು ನಿಮಿಷ ಹೆಚ್ಚು ಕುದಿ ಕೊಡಿ.

ಚಹಾದ ಮಾತು ಬಂತಲ್ಲ. ಲೋಟಕ್ಕೆ ಒಂದು ಚಮಚೆ, ಅಂದರೆ 2 ಗ್ರಾಂ ಸಿಟಿಸಿ ಪುಡಿ. ಜಜ್ಜಿದ ಹಸಿಶುಂಠಿಯನ್ನು ಮೊದಲು ನೀರಲ್ಲೇ ಮೂರ್ನಾಲ್ಕು ನಿಮಿಷ ಕುದಿಸಬೇಕು. ಅದರಲ್ಲಿರುವ ಕಿಣ್ವ ಹಾಲನ್ನು ಒಡೆಯುತ್ತದೆ, ಕುದಿಸಿದರೆ ಅದರ ಆಟ ಮುಗಿಯುತ್ತದೆ. ಕಲಸಿದ ಹಾಲು ಸೇರಿಸುವುದು ಒಲೆ ಆರಿಸಿದ ಮೇಲೆಯೇ, ಟ್ರೆಕ್ಕಿನ ತೆಳುಪಾತ್ರೆಯಲ್ಲಿ ಹಾಲು ಕ್ಷಣದಲ್ಲಿ ತಳ ಹಿಡಿಯುತ್ತದೆ. ಬೆಲ್ಲ ಹಾಕುವವರೂ ಕೆಳಗಿಳಿಸಿಯೇ ಹಾಕಿ. ಸೋಸಲು ಅಂಗೈಯಗಲ ಮಲ್ ಬಟ್ಟೆ ಸಾಕು.

ಗ್ಯಾಸ್ ಲೆಕ್ಕ: ಗಾಳಿ ಇಲ್ಲದ ಕಡೆ ಒಂದು ಲೀಟರ್ ಕುದಿಸಲು 12ರಿಂದ 15 ಗ್ರಾಂ, ಅಂದರೆ ಇಬ್ಬರ ಕಾಫಿಗೆ 5 ಗ್ರಾಂ ಚಿಲ್ಲರೆ. ಗಾಳಿ ಬೀಸಿದರೆ ಇದು ಸುಲಭವಾಗಿ ದುಪ್ಪಟ್ಟು. ಗಾಳಿಗೆ ಅಡ್ಡ ಇಡಬೇಕು ನಿಜ, ಆದರೆ ಸುತ್ತಲೂ ಮುಚ್ಚಬೇಡಿ. ಬರ್ನರಿನ ಶಾಖ ಕ್ಯಾನಿಸ್ಟರಿಗೇ ತಿರುಗುತ್ತದೆ, ಅದು ಸಿಡಿಯುವ ದಾರಿ. ಬರಿ ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಅನಿಲವಾಗುವುದನ್ನೇ ನಿಲ್ಲಿಸುತ್ತದೆ, ಹಿಮಾಲಯಕ್ಕೆ ಐಸೋಬ್ಯೂಟೇನ್, ಪ್ರೊಪೇನ್ ಬೆರೆತದ್ದೇ ಬೇಕು. ರಾತ್ರಿ ಅದನ್ನು ಸ್ಲೀಪಿಂಗ್ ಬ್ಯಾಗಿನೊಳಗೆ ಇಟ್ಟುಕೊಂಡರೆ ಬೆಳಿಗ್ಗೆ ಜ್ವಾಲೆ ಸಾಯುವುದಿಲ್ಲ. ಆದರೆ ಟೆಂಟಿನೊಳಗೆ ಹಚ್ಚುವಂತಿಲ್ಲ: ಬೆಂಕಿಯ ಭಯ ಒಂದು, ವಾಸನೆಯೇ ಇಲ್ಲದ ಕಾರ್ಬನ್ ಮೊನಾಕ್ಸೈಡ್ ಇನ್ನೊಂದು. ವಿಮಾನದಲ್ಲಿ ಕ್ಯಾನಿಸ್ಟರ್ ಒಯ್ಯಲು ಬಿಡುವುದಿಲ್ಲ, ಮನಾಲಿ ಅಥವಾ ಲೇಹ್‌ನಲ್ಲೇ ಕೊಳ್ಳಿ. ನಮ್ಮ ಪಶ್ಚಿಮ ಘಟ್ಟದ ಹಾದಿಗಳಲ್ಲಿ ಬೆಂಕಿಗೂ ತಂಗುವುದಕ್ಕೂ ಅರಣ್ಯ ಇಲಾಖೆಯ ನಿರ್ಬಂಧವಿದೆ, ಅನುಮತಿ ಪಡೆಯುವಾಗಲೇ ಸ್ಟವ್ ಬಗ್ಗೆ ಕೇಳಿಕೊಳ್ಳುವುದು ಒಳ್ಳೆಯದು.

ನಾಲ್ಕು ವರ್ಷದಲ್ಲಿ ಕೆಟ್ಟದ್ದು ಒಂದೇ, ಅಂಚು ನಗ್ಗಿದ್ದು. ನಗ್ಗಿದ ಅಂಚು ಒಂದೋ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಕೂರುವುದೇ ಇಲ್ಲ. ಪುಡಿಯ ಪೊಟ್ಟಣವನ್ನು ಫಿಲ್ಟರಿನೊಳಗೇ ತುರುಕಿ, ಬಟ್ಟೆ ಸುತ್ತಿ, ಪಾತ್ರೆಯೊಳಗೆ ಇಟ್ಟು ಒಯ್ದರೆ ಇದೂ ತಪ್ಪುತ್ತದೆ. ವಾಷರು, ರಬ್ಬರು ಏನೂ ಇಲ್ಲದ್ದರಿಂದ ಸವೆಯುವ ಭಾಗವೇ ಇಲ್ಲ. ತೂತು ಕಟ್ಟಿದರೆ ಮನೆಗೆ ಬಂದು ಸಣ್ಣ ಉರಿಯ ಮೇಲೆ ತಳ ಹಿಡಿಯಿರಿ, ಸಿಕ್ಕಿಕೊಂಡದ್ದು ಸುಟ್ಟು ಉದುರುತ್ತದೆ. ಸ್ಟೀಲು ನೀಲಿಗಟ್ಟಬಹುದು, ರುಚಿಗೇನೂ ತೊಂದರೆಯಿಲ್ಲ. ಚರಟವನ್ನು ಕವರಿನಲ್ಲಿ ವಾಪಸ್ ತನ್ನಿ, ಫಿಲ್ಟರನ್ನು ಹಳ್ಳದಲ್ಲಿ ಅದ್ದಿ ತೊಳೆಯಬೇಡಿ.

ಏರೋಪ್ರೆಸ್ ಯಾಕೆ ಬೇಡ ಎಂದು ಕೇಳುವವರಿಗೆ: 2005ರಲ್ಲಿ ಬಂದ ಆ ಪ್ಲಾಸ್ಟಿಕ್ ಸಾಧನ ಒಳ್ಳೆಯದೇ, ಎರಡು ನಿಮಿಷದಲ್ಲಿ ಕೆಲಸ ಮುಗಿಸುತ್ತದೆ. ಆದರೆ ಚಿಕೋರಿ ಬೆರೆತ ಪುಡಿ ಹಾಕಿದರೆ ಒತ್ತಲು ಮೈಬಲವೆಲ್ಲ ಬೇಕು. ಕಪ್ಪು ಕಾಫಿ ಕುಡಿಯುವವರು ಅದನ್ನೇ ಕೊಳ್ಳಲಿ. ಬೆಳಗಿನ ಜಾವ ಮೂರಕ್ಕೆ ಶಿಖರಕ್ಕೆ ಹೊರಡುವ ದಿನ ಮಾತ್ರ ಎರಡನ್ನೂ ಬದಿಗಿಟ್ಟು ಇನ್‌ಸ್ಟಂಟ್ ಸ್ಯಾಷೆ ಹರಿಯಿರಿ.

ಕೊಳ್ಳುವಾಗ ಹಿತ್ತಾಳೆಯದ್ದು ಬೇಡ, ಭಾರ. ತಳವನ್ನು ಬೆಳಕಿಗೆ ಹಿಡಿದು ತೂತುಗಳೆಲ್ಲ ತೆರೆದಿವೆಯೇ ನೋಡಿ. ಮೇಲಿನ ಡಬ್ಬಿ ಅಲುಗಾಡದೆ ಕೂರಬೇಕು, ತಿರುಗಿಸಿ ಎಳೆದರೆ ಸಲೀಸಾಗಿ ಬಿಟ್ಟುಕೊಳ್ಳಬೇಕು.