ಎಸ್‌ಯುವಿಗೆ ವಿಂಟರ್ ಟೈರ್: 19 ಇಂಚ್ ಬಿಟ್ಟು 17ಕ್ಕೆ ಇಳಿದ ಮೇಲೆ ಮಿಷೆಲಿನ್ ಎಕ್ಸ್-ಐಸ್ ಸ್ನೋ ಹೇಗನಿಸ್ತು

ಟೈರ್ ಯಾವ್ದು ಅಂದ್ರೆ ಮಿಷೆಲಿನ್ ಎಕ್ಸ್-ಐಸ್ ಸ್ನೋ ಎಸ್‌ಯುವಿ, ಸೈಜ್ 235/65 ಆರ್17 (ಅಗಲ 235 ಎಂಎಂ, ಪಕ್ಕದ ಗೋಡೆ ಎತ್ತರ ಆ ಅಗಲದ 65 ಪರ್ಸೆಂಟ್, ರಿಮ್ 17 ಇಂಚು). ಚಳಿಗಾಲ ಪೂರ್ತಿ ಇದರಲ್ಲೇ ಓಡ್ಸಿದೀನಿ. ಟೈರ್ ಬಗ್ಗೆ ಹೇಳೋದು ಇದ್ದೇ ಇದೆ, ಆದ್ರೆ ಅದಕ್ಕಿಂತ ಜಾಸ್ತಿ ಹೇಳ್ಬೇಕಿರೋದು ಸೈಜ್ ಬಗ್ಗೆ, ಯಾಕಂದ್ರೆ ಎಲ್ರೂ ಯಾವ ಬ್ರ್ಯಾಂಡ್ ಯಾವ ಬ್ರ್ಯಾಂಡ್ ಅಂತ ತಲೆ ಕೆಡಿಸ್ಕೊಂಡು ಕೂತಿರ್ತಾರೆ, ರಿಮ್ ಎಷ್ಟು ಇಂಚು ಅನ್ನೋದನ್ನ ಮಾತ್ರ ಗಾಡಿ ಜೊತೆ ಬಂದಿದ್ದೇ ಇರ್ಲಿ ಬಿಡು ಅಂತ ಬಿಟ್ಬಿಡ್ತಾರೆ.

ನಮ್ದು ಮಧ್ಯಮ ಗಾತ್ರದ ಆಲ್ ವೀಲ್ ಡ್ರೈವ್ ಎಸ್‌ಯುವಿ, ಟಾಪ್ ಮಾಡೆಲ್ ಆಗಿದ್ದಕ್ಕೆ ಫ್ಯಾಕ್ಟರಿಯಿಂದ 235/55 ಆರ್19 ಬಂದಿತ್ತು. ನೋಡೋಕೆ ಸಖತ್ತಾಗಿದೆ, ಅದ್ರಲ್ಲಿ ಎರಡು ಮಾತಿಲ್ಲ. ಆದ್ರೆ ಸ್ನೋ ಬಿದ್ದಾಗ ರಸ್ತೆ ಗುಂಡಿ ಕಣ್ಣಿಗೆ ಕಾಣ್ಸಲ್ಲ, 19 ಇಂಚಿನ ಟೈರಲ್ಲಿ ಪಕ್ಕದ ಗೋಡೆ, ಅಂದ್ರೆ ರಿಮ್ಮಿಂದ ರಸ್ತೆಗೆ ತಾಗೋ ಭಾಗದ ತನಕ ಇರೋ ರಬ್ಬರ್, ಎತ್ತರ 129 ಎಂಎಂ ಅಷ್ಟೇ, ಜೋರಾಗಿ ಒಂದು ಏಟು ಬಿದ್ರೆ ರಬ್ಬರ್ ತಡ್ಕೊಳ್ಳೋಕೆ ಮುಂಚೆನೇ ರಿಮ್ಮಿಗೆ ತಾಗುತ್ತೆ. 235/65 ಆರ್17ರಲ್ಲಿ ಅದೇ ಗೋಡೆ 153 ಎಂಎಂ ಹತ್ರ ಬರುತ್ತೆ. ಆ ಎರಡು ಚಿಲ್ಲರೆ ಸೆಂಟಿಮೀಟರ್ ರಬ್ಬರೇ ಗುಂಡಿಗೂ ರಿಮ್ಮಿಗೂ ಮಧ್ಯ ನಿಲ್ಲೋದು. ಜೊತೆಗೆ 17 ಇಂಚ್ ಟೈರ್ 19ಕ್ಕಿಂತ ಕಮ್ಮಿ ಬೆಲೆಗೆ ಸಿಗುತ್ತೆ, ಆಯ್ಕೇನೂ ಜಾಸ್ತಿ.

ಲೆಕ್ಕ ಹೇಗೆ ಅಂತ ತುಂಬಾ ಜನ ಕೇಳ್ತಾರೆ, ಕಷ್ಟ ಏನಿಲ್ಲ. ರಿಮ್ ಇಂಚನ್ನ 25.4ರಿಂದ ಗುಣಿಸಿ, ಅದಕ್ಕೆ ಗೋಡೆ ಎತ್ತರ ಎರಡು ಸಲ ಕೂಡ್ಸಿ, ಗೋಡೆ ಎತ್ತರ ಅಂದ್ರೆ ಅಗಲದಲ್ಲಿ ಅಷ್ಟು ಪರ್ಸೆಂಟ್, ಅಂದ್ರೆ 235ರಲ್ಲಿ 55 ಪರ್ಸೆಂಟ್. ಹಾಗೆ ಮಾಡಿದ್ರೆ 235/55 ಆರ್19 ಟೈರಿನ ಒಟ್ಟು ವ್ಯಾಸ 741 ಎಂಎಂ, 235/60 ಆರ್18 ಅಂದ್ರೆ 739, 235/65 ಆರ್17 ಅಂದ್ರೆ 737. ವ್ಯತ್ಯಾಸ ಅರ್ಧ ಪರ್ಸೆಂಟ್, ಸ್ಪೀಡೋಮೀಟರಲ್ಲಿ ಗೊತ್ತೂ ಆಗಲ್ಲ. ಅದೇ 225/65 ಆರ್17 ತಗೊಂಡ್ರೆ 724ಕ್ಕೆ ಇಳಿಯುತ್ತೆ, ಎರಡು ಪರ್ಸೆಂಟಿಗಿಂತ ಜಾಸ್ತಿ, ಗಾಡಿ ನೆಲಕ್ಕೆ ಎಂಟು ಎಂಎಂ ಹತ್ರ ಆಗುತ್ತೆ. ಸಾಮಾನ್ಯವಾಗಿ ಮೂರು ಪರ್ಸೆಂಟ್ ಒಳಗಿದ್ರೆ ಪರ್ವಾಗಿಲ್ಲ ಅಂತಾರೆ, ಆದ್ರೆ ಹತ್ರದ ಸೈಜ್ ಸಿಗ್ತಿರೋವಾಗ ಅಷ್ಟು ದೂರ ಹೋಗೋದ್ಯಾಕೆ. ಇಲ್ಲಿ ನಮ್ಗೆ ಅಗಲ 235 ಹಾಗೇ ಉಳೀತು. ಅಗಲ ಸ್ವಲ್ಪ ಕಮ್ಮಿ ಆದ್ರೂ ಒಳ್ಳೇದೇ, ಕಿರಿದಾದ ಟೈರ್ ಹಸಿ ಸ್ನೋ, ನೀರು ಬೆರೆತ ಕೊಚ್ಚೆ ಇಂಥದ್ದನ್ನ ಸೀಳ್ಕೊಂಡು ಕೆಳಗೆ ಇಳಿಯುತ್ತೆ, ಅಗಲದ್ದು ಮೇಲೆ ತೇಲೋಕೆ ನೋಡುತ್ತೆ. ಒಟ್ಟಲ್ಲಿ ಚಳಿಗಾಲಕ್ಕೆ ಅಂತ ಇನ್ನೂ ಅಗಲದ ಟೈರ್ ಹಾಕ್ಸೋರಿಗೆ ನನ್ನ ಕೈ ಮುಗಿದು ಬೇಡಿಕೆ, ಬೇಡ.

ಆದ್ರೆ ವ್ಯಾಸ ಸರಿ ಹೋಯ್ತು ಅಂದ್ರೆ ರಿಮ್ ಕೂತ್ಕೊಳ್ಳುತ್ತೆ ಅಂತ ಅಲ್ಲ. ಮೊದ್ಲು ನೋಡ್ಬೇಕಾಗಿರೋದು ಮುಂದಿನ ಬ್ರೇಕ್ ಕ್ಯಾಲಿಪರ್ (ಬ್ರೇಕ್ ಡಿಸ್ಕನ್ನ ಹಿಡಿಯೋ ಭಾಗ), ದೊಡ್ಡ ಬ್ರೇಕ್ ಇರೋ ಗಾಡಿಗಳಲ್ಲಿ 17 ಇಂಚ್ ರಿಮ್ ಒಳಗೆ ತಾಗ್ಬಿಡುತ್ತೆ. ನಮ್ಮ ಗಾಡಿಯ ಬೇಸ್ ಮಾಡೆಲ್‌ಗೆ ಫ್ಯಾಕ್ಟರಿಯಿಂದಲೇ ಇದೇ 17ರ ಸೈಜ್ ಬರುತ್ತೆ, ಬ್ರೇಕೂ ಎರಡಕ್ಕೂ ಒಂದೇ, ಮ್ಯಾನ್ಯುಯಲ್‌ನಲ್ಲಿ ನೋಡಿ ಖಾತ್ರಿ ಮಾಡ್ಕೊಂಡ ಮೇಲೇನೇ ಆರ್ಡರ್ ಹಾಕಿದ್ದು. ಆಮೇಲೆ ಬೋಲ್ಟ್ ಪ್ಯಾಟರ್ನ್ (5x114.3 ಅಂತ ಬರೆದಿರುತ್ತಲ್ಲ, ಐದು ಬೋಲ್ಟ್, 114.3 ಎಂಎಂ ವೃತ್ತ), ನಡುವಿನ ತೂತಿನ ಅಳತೆ, ಆಫ್‌ಸೆಟ್ (ರಿಮ್ ಎಷ್ಟು ಒಳಗೆ ಅಥವಾ ಹೊರಗೆ ಕೂರುತ್ತೆ ಅನ್ನೋ ಅಳತೆ), ನಟ್‌ನ ತಳ ಚೂಪಾಗಿದ್ಯಾ ದುಂಡಗಿದ್ಯಾ, ಇವೆಲ್ಲ ಹೊಂದ್ಬೇಕು. ನಡುವಿನ ತೂತು ಹಬ್‌ಗಿಂತ (ಚಕ್ರ ಕೂರೋ ಗಾಡಿಯ ನಡುಭಾಗ) ದೊಡ್ಡದಿದ್ರೆ ರಿಂಗ್ ಹಾಕ್ಸಿ, ಇಲ್ಲಾಂದ್ರೆ ಸ್ಟೀರಿಂಗ್ ನಡುಗೋಕೆ ಶುರುವಾಗಬಹುದು, ಬ್ಯಾಲೆನ್ಸಿಂಗ್ ಎಷ್ಟು ಸಲ ಮಾಡ್ಸಿದ್ರೂ ಹೋಗಲ್ಲ.

ಇನ್ನು ಟೈರಿಗೆ ಬರೋಣ. ಎಕ್ಸ್-ಐಸ್ ಸ್ನೋ ಬಂದಿದ್ದು 2020ರಲ್ಲಿ, ಸ್ಟಡ್ ಅಂದ್ರೆ ಲೋಹದ ಮೊಳೆ ಇಲ್ಲದ ಜಾತಿ. ನಮ್ಮ ಸೈಜಲ್ಲಿ 108ಟಿ ಅಂತಿದೆ, 108 ಅನ್ನೋ ಲೋಡ್ ನಂಬರ್ ಅಂದ್ರೆ ಒಂದೊಂದು ಟೈರ್ 1000 ಕೆಜಿ ತಡ್ಯುತ್ತೆ, ಟಿ ಅಂದ್ರೆ ಗಂಟೆಗೆ 190 ಕಿಮೀ ವೇಗದ ತನಕ. ಎಸ್‌ಯುವಿಗೆ ಈ ಲೋಡ್ ನಂಬರ್ ಮಾತ್ರ ಮರೀಬೇಡಿ, ಡೋರ್ ತೆಗೆದ್ರೆ ಒಳಗೆ ಕಂಬದ ಮೇಲೆ ಅಂಟ್ಸಿರೋ ಸ್ಟಿಕರಲ್ಲಿ ಟೈರ್ ಸೈಜು, ಗಾಳಿ ಎಲ್ಲಾ ಬರೆದಿರುತ್ತೆ, ಲೋಡ್ ನಂಬರ್ ಅಲ್ಲಿ ಇಲ್ದಿದ್ರೆ ಮ್ಯಾನ್ಯುಯಲ್ ನೋಡಿ, ಅದಕ್ಕಿಂತ ಕಮ್ಮಿದು ಹಾಕ್ಸ್ಬಾರ್ದು.

ಹೊಸ ಟೈರ್ ಕೈಯಲ್ಲಿ ಹಿಡಿದಾಗ ಮೊದ್ಲು ಹೆಬ್ಬೆರಳಿಂದ ಒಂದು ಟ್ರೆಡ್ ಬ್ಲಾಕ್, ಅಂದ್ರೆ ರಸ್ತೆಗೆ ತಾಗೋ ಕಡೆಯ ಒಂದು ರಬ್ಬರ್ ತುಂಡು, ಒತ್ತಿ ನೋಡಿದೆ. ಮೆತ್ತಗೆ ಬಾಗುತ್ತೆ, ಬಾಗಿದಾಗ ಅದ್ರೊಳಗೆ ಕೂದಲೆಳೆಯಷ್ಟು ಸಣ್ಣ ಅಂಕುಡೊಂಕು ಸೀಳುಗಳು ಬಾಯಿ ಬಿಡ್ತವೆ. ಕೆಲಸ ಮಾಡೋದೆಲ್ಲ ಅವೇ. ಸ್ನೋ ಆ ಸೀಳಲ್ಲಿ ಸಿಕ್ಕಾಕೊಳ್ಳುತ್ತೆ, ರಬ್ಬರಿಗಿಂತ ಸ್ನೋಗೆ ಸ್ನೋನೇ ಚೆನ್ನಾಗಿ ಅಂಟೋದು, ಐಸ್ ಮೇಲೆ ಅದೇ ಸೀಳಿನ ಅಂಚು ಕೆರ್ಕೊಂಡು ಹಿಡ್ಕೊಳ್ಳುತ್ತೆ. ಪಕ್ಕದಲ್ಲೇ ಇಟ್ಟಿದ್ದ 19 ಇಂಚಿನ ಬೇಸಿಗೆ ಟೈರನ್ನ ಅದೇ ಚಳಿಯಲ್ಲಿ ಒತ್ತಿದ್ರೆ ಹೆಚ್ಚುಕಮ್ಮಿ ಮರ ಮುಟ್ಟಿದಂಗೆ. 7 ಡಿಗ್ರಿಗಿಂತ ಕೆಳಗೆ ಹೋದ್ರೆ ಬೇಸಿಗೆ ರಬ್ಬರ್ ಬಿಗಿಯಾಗ್ತಾ ಹೋಗುತ್ತೆ ಅಂತ ಹೇಳೋದು ಸುಮ್ನೆ ಅಲ್ಲ.

ರಸ್ತೆ ಮೇಲೆ? ಒತ್ತಿ ಗಟ್ಟಿಯಾದ ಸ್ನೋ ಮೇಲೆ ಇಳಿಜಾರಲ್ಲಿ ಬ್ರೇಕ್ ಹಾಕಿದ್ರೆ ಎಬಿಎಸ್ (ಚಕ್ರ ಲಾಕ್ ಆಗದಂಗೆ ತಡೆಯೋ ವ್ಯವಸ್ಥೆ) ಕಟಕಟ ಅಂತ ಸದ್ದು ಮಾಡುತ್ತೆ, ಆದ್ರೆ ಗಾಡಿ ನಿಲ್ಲುತ್ತೆ, ನಿಂತ ಜಾಗ ನೋಡಿದ್ರೆ ಧೈರ್ಯ ಬರುತ್ತೆ. ತಿರುವಲ್ಲಿ ಸ್ಟೀರಿಂಗ್ ತಿರುಗಿಸಿದ ಕಡೆಗೇ ಮೂತಿ ಹೋಗುತ್ತೆ. ಇಲ್ಲಿ ಒಂದು ಮಾತು ಹೇಳ್ಲೇಬೇಕು, ಆಲ್ ವೀಲ್ ಡ್ರೈವ್ ಇದೆ ನಮ್ಗ್ಯಾಕೆ ವಿಂಟರ್ ಟೈರ್ ಅನ್ನೋರು ಇನ್ನೂ ಇದಾರೆ. ಆಲ್ ವೀಲ್ ಡ್ರೈವ್ ಗಾಡಿ ಹೊರಡೋಕೆ, ಏರು ಹತ್ತೋಕೆ ಅಷ್ಟೇ ಸಹಾಯ, ನಿಲ್ಸೋಕೆ ಅಲ್ಲ. ಬ್ರೇಕ್ ಎಲ್ಲಾ ಗಾಡಿಲೂ ನಾಲ್ಕು ಚಕ್ರಕ್ಕೂ ಇರುತ್ತೆ, ಮೇಲಾಗಿ ಎಸ್‌ಯುವಿ ತೂಕ ಜಾಸ್ತಿ. ಸುಲಭವಾಗಿ ಹೊರಟುಬಿಡುತ್ತೆ ಅನ್ನೋದೇ ಅಪಾಯ, ರಸ್ತೆ ಎಷ್ಟು ಜಾರುತ್ತೆ ಅನ್ನೋದು ಬ್ರೇಕ್ ಒತ್ತೋ ತನಕ ಗೊತ್ತೇ ಆಗಲ್ಲ. ಮತ್ತೆ ಎರಡೇ ಟೈರ್ ಹಾಕ್ಸೋ ಯೋಚನೆ ಬೇಡವೇ ಬೇಡ, ಮುಂದೆ ಮಾತ್ರ ಹಾಕ್ಸಿದ್ರೆ ತಿರುವಲ್ಲಿ ಹಿಂಭಾಗ ಹೊರಗೆ ಜಾರ್ಕೊಂಡು ಗಾಡಿ ಗಿರಕಿ ಹೊಡಿಯುತ್ತೆ, ಆಲ್ ವೀಲ್ ಡ್ರೈವ್‌ಗಂತೂ ನಾಲ್ಕೂ ಒಂದೇ ಸೈಜು, ಒಂದೇ ಸವೆತ ಇರ್ಬೇಕು.

ಒಣ ರಸ್ತೇಲಿ ಮೆತ್ತಗಿನ ಟೈರಿನ ಗುಣ ಗೊತ್ತಾಗುತ್ತೆ, ಹೈವೇಲಿ ಸ್ಟೀರಿಂಗ್ ಅಲ್ಲಾಡಿಸಿದ್ರೆ ಒಂದು ಕ್ಷಣ ತಡ ಆಗಿ ತಿರುಗುತ್ತೆ, ಗೋಡೆ ಎತ್ತರ ಆಗಿರೋದೂ ಅದಕ್ಕೆ ಸೇರ್ಕೊಳ್ಳುತ್ತೆ. ನಂಗೆ ಅದು ತೊಂದ್ರೆ ಅನ್ಸಿಲ್ಲ, ಬದಲಿಗೆ ಗಾಡಿ ಒಳಗೆ ಕುಲುಕಾಟ ಕಮ್ಮಿಯಾಗಿ ಹಿಂದೆ ಕೂತವರು ಖುಷಿಯಾಗಿದಾರೆ. ಸದ್ದೂ ನಾನು ಅಂದ್ಕೊಂಡಿದ್ದಕ್ಕಿಂತ ಕಮ್ಮಿ.

ಎಲ್ರಿಗೂ ಇದೇ ಸರಿ ಅಂತ ಹೇಳ್ತಿಲ್ಲ. ವಿಂಟರ್ ಟೈರಲ್ಲೇ ಎರಡು ದಾರಿ ಇದೆ. ಐಸ್, ಗಟ್ಟಿ ಸ್ನೋ, ಸೊನ್ನೆಗಿಂತ ತುಂಬಾ ಕೆಳಗಿನ ಚಳಿ ಇರೋ ಕಡೆಗೆ ಇಂಥ ಮೆತ್ತಗಿನ ನಾರ್ಡಿಕ್ ತರದ್ದು, ನೋಕಿಯನ್ ಹಕ್ಕಪೆಲಿಟ್ಟಾ ಆರ್5 ಎಸ್‌ಯುವಿನೂ ಇದೇ ಜಾತಿ, ಅದ್ರ ಗೋಡೆಗೆ ಅರಾಮಿಡ್ ಅನ್ನೋ ತುಂಬಾ ಗಟ್ಟಿ ನಾರು ಸೇರ್ಸಿರ್ತಾರೆ, ಕಲ್ಲು ಗುಂಡಿ ಜಾಸ್ತಿ ಇರೋ ರಸ್ತೆಗೆ ಅದನ್ನೂ ನೋಡಬಹುದು. ಆದ್ರೆ ಚಳಿಗಾಲ ಅಂದ್ರೆ ಬರೀ ಮಳೆ, ಸೊನ್ನೆ ಆಸುಪಾಸು, ಹೈವೇಲಿ ವೇಗ ಜಾಸ್ತಿ ಅಂತಿದ್ರೆ ಎಚ್ ಅಥವಾ ವಿ ರೇಟಿಂಗ್ (ಟಿಗಿಂತ ಜಾಸ್ತಿ ವೇಗ ತಡ್ಯೋದು) ಇರೋ ಯುರೋಪ್ ಕಡೆಯ ವಿಂಟರ್ ಟೈರೇ ಮೇಲು, ಒದ್ದೆ ರಸ್ತೇಲಿ ಅದ್ರ ಬ್ರೇಕಿಂಗ್ ಚೆನ್ನಾಗಿರುತ್ತೆ. ಯಾವ್ದೇ ತಗೊಳ್ಳಿ, ಗೋಡೆ ಮೇಲೆ ಮೂರು ಶಿಖರದ ಬೆಟ್ಟದೊಳಗೆ ಹಿಮದ ಹರಳಿನ ಚಿತ್ರ ಇರ್ಬೇಕು. ಬರೀ ಎಂ+ಎಸ್ ಅಂತಿದ್ರೆ ಅದು ಟ್ರೆಡ್ ಆಕಾರದ ಬಗ್ಗೆ ಹೇಳೋದು ಅಷ್ಟೇ, ಸ್ನೋ ಮೇಲೆ ಟೆಸ್ಟ್ ಆಗಿದೆ ಅಂತ ಅಲ್ಲ. ಬೆಟ್ಟದ ಗುರುತೂ ಸ್ನೋದು ಮಾತ್ರ, ಐಸ್‌ಗೆ ಯುರೋಪಿನ ಟೈರ್ ಲೇಬಲ್‌ನಲ್ಲಿ 2021ರಿಂದ ಬೇರೆ ಚಿಹ್ನೆ ಇದೆ. ತಯಾರಾದ ತಾರೀಕೂ ನೋಡ್ಕೊಳ್ಳಿ, ಡಾಟ್ ಅಂತ ಶುರುವಾಗೋ ಸಾಲಿನ ಕೊನೆಯ ನಾಲ್ಕು ಅಂಕಿ, 3523 ಅಂದ್ರೆ 2023ರ 35ನೇ ವಾರ.

ಬೇರೆ ರಿಮ್ ಸೆಟ್ ತಗೋಬೇಕಾ, ಇರೋ ರಿಮ್ಮಿಗೇ ಟೈರ್ ಬದಲಾಯಿಸ್ತಾ ಇರ್ಬೇಕಾ ಅಂದ್ರೆ ನಾನು ಬೇರೆ ಸೆಟ್ ಅಂತೀನಿ. ಪ್ರತಿ ಸೀಸನ್ ಟೈರ್ ಬಿಚ್ಚಿ ಹಾಕೋ ರಗಳೆ ಇಲ್ಲ, ರಸ್ತೆಗೆ ಸುರಿಯೋ ಉಪ್ಪು ತಾಗದೆ ಒಳ್ಳೆ ಅಲಾಯ್ ರಿಮ್ ಉಳಿಯುತ್ತೆ. ಸ್ಟೀಲ್ ರಿಮ್ ತೂಕ ಜಾಸ್ತಿ, ಆದ್ರೆ ಬಾಗಿದ್ರೂ ಸರಿಮಾಡಬಹುದು, ನಾನು ಅದನ್ನೇ ತಗೊಂಡಿದ್ದು. ಗಾಡಿಲಿ ಗಾಳಿ ಸೆನ್ಸರ್ ಚಕ್ರದ ಒಳಗೆ ಇರೋ ತರ ಆದ್ರೆ ಹೊಸ ಸೆಟ್ಟಿಗೂ ಸೆನ್ಸರ್ ಬೇಕು, ಎಬಿಎಸ್ ಮೂಲಕ ಲೆಕ್ಕ ಹಾಕೋ ತರ ಆದ್ರೆ ಒಂದ್ಸಲ ರೀಸೆಟ್ ಮಾಡಿದ್ರೆ ಸಾಕು.

ಹಾಕ್ಸಿದ ಮೇಲೆ 50ರಿಂದ 100 ಕಿಮೀ ಓಡ್ಸಿ ನಟ್ ಟಾರ್ಕ್ (ಎಷ್ಟು ಬಿಗಿಯಾಗಿದೆ ಅನ್ನೋದು) ಇನ್ನೊಂದ್ಸಲ ಚೆಕ್ ಮಾಡ್ಸಿ, ಗಾಳಿ ಬೆಳಿಗ್ಗೆ ಟೈರ್ ತಣ್ಣಗಿರೋವಾಗ ನೋಡಿ, ತಾಪಮಾನ 5-6 ಡಿಗ್ರಿ ಇಳಿದ್ರೆ ಸುಮಾರು 1 ಪಿಎಸ್‌ಐ ಹೋಗಿರುತ್ತೆ. ಕಾನೂನು ಪ್ರಕಾರ ಟ್ರೆಡ್ ಆಳ 1.6 ಎಂಎಂ ತನಕ ಸರಿ ಅಂತ ತುಂಬಾ ಕಡೆ ಇದೆ, ಆದ್ರೆ ಟ್ರೆಡ್ 4 ಎಂಎಂಗೆ ಬಂತು ಅಂದ್ರೆ ಸ್ನೋ ಮೇಲೆ ಹಿಡಿತ ತುಂಬಾ ಬಿದ್ದುಹೋಗಿರುತ್ತೆ, ಅಲ್ಲಿಗೆ ಆ ಸೆಟ್ ಬದಲಾಯ್ಸಿ. ನಿಮ್ಮ ಗಾಡಿಗೆ 17 ಕೂತ್ಕೊಳ್ಳಲ್ಲ ಅಂದ್ರೆ 235/60 ಆರ್18 ನೋಡಿ, ಗೋಡೆ 141 ಎಂಎಂ ಸಿಗುತ್ತೆ, 19ರಲ್ಲೇ ಇರೋದಕ್ಕಿಂತ ಎಷ್ಟೋ ವಾಸಿ.