ಚೀಸ್, ಫೋಟೋ ಬೂತ್, ವಿಂಡೋಸ್ ಕ್ಯಾಮೆರಾ: ಮಕ್ಕಳನ್ನು ನಗಿಸಲು ನನ್ನ ಓಟು ಹಳೇ ಲ್ಯಾಪ್‌ಟಾಪಿಗೆ

ಮೊದಲೇ ಹೇಳಿಬಿಡುತ್ತೇನೆ. ನಲವತ್ತು ಸಾವಿರದ ಹತ್ತಿರ ಕೊಟ್ಟು ತಂದ ಹೊಸ ವಿಂಡೋಸ್ ಲ್ಯಾಪ್‌ಟಾಪ್ ಮೇಜಿನ ಮೇಲೇ ಇದೆ. ಆದರೂ ಮಕ್ಕಳು ಫೋಟೋ, ಫೋಟೋ ಅಂತ ಗಲಾಟೆ ಎಬ್ಬಿಸಿದಾಗ ನಾನು ತೆರೆಯುವುದು ಅದಕ್ಕೆ ಮುಂಚೆ ಇದ್ದ ಹಳೇ ಲ್ಯಾಪ್‌ಟಾಪನ್ನು. ಅದರಲ್ಲಿ ವಿಂಡೋಸ್ ಬದಲು ಲಿನಕ್ಸ್ ಇದೆ, ಲಿನಕ್ಸ್ ಒಳಗೆ ತಮಾಷೆಯ ಫೋಟೋ ತೆಗೆಯುವ ಚೀಸ್ ಅನ್ನೋ ಪುಟ್ಟ ಪ್ರೋಗ್ರಾಂ ಇದೆ. ಅಕ್ಕನ ಮಗನ ಮ್ಯಾಕ್‌ಬುಕ್ಕಿನಲ್ಲಿ ಅಂಥದ್ದೇ ಫೋಟೋ ಬೂತ್ ಕೂಡ ಬೇಕಾದಷ್ಟು ಆಡಿಸಿ ನೋಡಿದ್ದೇನೆ. ಹೊಸದರಲ್ಲಿರುವ ವಿಂಡೋಸ್ ಕ್ಯಾಮೆರಾ ಸೇರಿ ಮೂರನ್ನೂ ಬಳಸಿದ ಮೇಲೆ ಬರೆಯುತ್ತಿರುವುದು ಇದು. ಪಕ್ಷಪಾತ ಇದೆ, ಮುಚ್ಚಿಡುವುದಿಲ್ಲ.

ಚಿಂತಾಮಣಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಟ್ಯೂಷನ್ ಕ್ಲಾಸು. ನಾಲ್ಕರಿಂದ ಏಳನೇ ತರಗತಿಯ ಮಕ್ಕಳು ಬರುತ್ತಾರೆ. ಅರ್ಧ ಮಕ್ಕಳ ಮನೆಮಾತು ತೆಲುಗು. ಕನ್ನಡ ಅಕ್ಷರ ತಿದ್ದಿಸುವುದೇ ನನಗೆ ದೊಡ್ಡ ಕೆಲಸ. ಶನಿವಾರ ಕೊನೆಯ ಅರ್ಧ ಗಂಟೆ ಆಟಕ್ಕೆ ಬಿಟ್ಟಿದ್ದೇನೆ. ಸ್ಲೇಟಿನ ಮೇಲೆ ಒಂದು ಪದ ಬರೆಯಬೇಕು, ಅದಕ್ಕೆ ತಕ್ಕ ಮುಖ ಮಾಡಬೇಕು, ಲ್ಯಾಪ್‌ಟಾಪ್ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಬೇಕು. 'ಕೋಪ' ಬರೆದವರು ಕಣ್ಣು ಕೆಕ್ಕರಿಸಬೇಕು. 'ಹುಳಿ' ಬರೆದವರು ಹುಣಸೆಹಣ್ಣು ಕಚ್ಚಿದ ಮುಖ ಮಾಡಬೇಕು. ಒಳ್ಳೆಯ ಫೋಟೋಗಳು, ಅಪ್ಪ ಅಮ್ಮ ಒಪ್ಪಿದ ಮಕ್ಕಳದ್ದು ಮಾತ್ರ, ಪೋಷಕರ ವಾಟ್ಸಾಪ್ ಗುಂಪಿಗೆ ಹೋಗುತ್ತವೆ.

ಫೋನಿನಲ್ಲೇ ತೆಗೆಯಬಹುದಲ್ಲ ಅಂತ ಕೇಳುತ್ತೀರಿ. ತೆಗೆಯಬಹುದು, ಇದಕ್ಕಿಂತ ಚೆನ್ನಾಗಿಯೇ ಬರುತ್ತದೆ. ಆದರೆ ಫೋನ್ ಹಿಡಿಯಲು ಒಬ್ಬರು ಬೇಕು. ಪರದೆ ಚಿಕ್ಕದು, ಹಿಂದಿನ ಸಾಲಿನಲ್ಲಿ ನಿಂತವನಿಗೆ ತನ್ನ ಮುಖವೇ ಕಾಣುವುದಿಲ್ಲ. ಮಕ್ಕಳು ಬಿದ್ದು ಬಿದ್ದು ನಗುವುದು ಫೋಟೋ ತೆಗೆಯುವ ಮುಂಚೆ, ದೊಡ್ಡ ಪರದೆಯಲ್ಲಿ ತಮ್ಮ ಮೂಗು ಬಲೂನಿನಂತೆ ಊದುತ್ತಿರುವುದನ್ನು ನೋಡುವಾಗ. ಫೋಟೋ ಬಂದ ಮೇಲೆ ಅಷ್ಟು ನಗುವುದಿಲ್ಲ.

ಈ ಲೆಕ್ಕದಲ್ಲಿ ವಿಂಡೋಸ್ ಕ್ಯಾಮೆರಾ ಮೊದಲ ಸುತ್ತಿನಲ್ಲೇ ಹೊರಗೆ. ಮೂಗು ಊದಿಸುವ, ಮುಖ ತಿರುಚುವ ಎಫೆಕ್ಟುಗಳೇ ಅದರಲ್ಲಿ ಇಲ್ಲ. ಫೋಟೋ, ವಿಡಿಯೋ, ಟೈಮರ್, ಅಷ್ಟೇ. ಆಫೀಸಿನ ಗುಮಾಸ್ತನ ಹಾಗೆ ಕೇಳಿದ್ದನ್ನು ಮಾಡುತ್ತದೆ, ಒಂದು ಜೋಕ್ ಹೇಳುವುದಿಲ್ಲ. ಎಫೆಕ್ಟ್ ಬೇಕಿದ್ದರೆ ಬೇರೆ ಆ್ಯಪ್ ಹುಡುಕಿ ಹಾಕಿಕೊಳ್ಳಬೇಕು. ನಾನು ಹುಡುಕಿದವುಗಳಲ್ಲಿ ಒಂದು ಜಾಹೀರಾತು ತೋರಿಸಿತು, ಇನ್ನೊಂದು ಫೋಟೋ ಮೇಲೆ ತನ್ನ ಹೆಸರು ಒತ್ತಿತು. ಅಲ್ಲಿಗೆ ಬಿಟ್ಟೆ.

ಫೋಟೋ ಬೂತ್ ಮತ್ತು ಚೀಸ್ ಇರುವುದೇ ತಮಾಷೆಗಾಗಿ. ಫೋಟೋ ಬೂತ್ 2005ರಲ್ಲಿ, ಆಪಲ್ ತನ್ನ ಐಮ್ಯಾಕ್ ಒಳಗೇ ಕ್ಯಾಮೆರಾ ಕೂರಿಸಿದಾಗ ಅದರ ಜೊತೆಗೆ ಬಂದದ್ದು. ಅದೇ ಥರದ್ದು ಲಿನಕ್ಸಿಗೂ ಇರಲಿ ಅಂತ 2007ರಲ್ಲಿ, ಗೂಗಲ್ಲಿನ ಬೇಸಿಗೆ ಕೋಡಿಂಗ್ ಯೋಜನೆಯಲ್ಲಿ ಚೀಸ್ ಹುಟ್ಟಿತು. ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆ ಕೋಲಾರದಿಂದ ಬೇರೆಯಾದದ್ದೂ ಅದೇ ವರ್ಷ. ಇದಕ್ಕೂ ಅದಕ್ಕೂ ಏನೂ ಸಂಬಂಧವಿಲ್ಲ, ಸುಮ್ನೆ ಹೇಳಿದೆ.

ಎರಡರಲ್ಲೂ ಎಫೆಕ್ಟ್ ಬಟನ್ ಒತ್ತಿದರೆ ಪರದೆ ಒಂಬತ್ತು ಮನೆಗಳಾಗುತ್ತದೆ. ಒಂದೊಂದು ಮನೆಯಲ್ಲೂ ಒಂದೊಂದು ವೇಷದಲ್ಲಿ ನೀವೇ ಅಲುಗಾಡುತ್ತಿರುತ್ತೀರಿ. ಮಕ್ಕಳಿಗೆ ಇಷ್ಟೇ ಸಾಕು, ಫೋಟೋ ತೆಗೆಯದಿದ್ದರೂ ನಡೆಯುತ್ತದೆ. ಫೋಟೋ ಬೂತ್‌ನಲ್ಲಿ ಇದು ಬೆಣ್ಣೆಯಲ್ಲಿ ಚಾಕು ಇಳಿದಷ್ಟು ಸಲೀಸು ಅಂತ ಬರೆಯಲು ಕೈ ಹೋಗುತ್ತಿತ್ತು, ಬೇಡ. ತಡೆಯಿಲ್ಲದೆ ಓಡುತ್ತದೆ, ಅಷ್ಟು ಹೇಳಿದರೆ ಸಾಕು. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಚೀಸ್ ಈ ಒಂಬತ್ತು ಮನೆ ತೆರೆದಾಗ ಫ್ಯಾನ್ ಕಿರುಚುತ್ತದೆ, ಚಿತ್ರ ತಡವರಿಸುತ್ತದೆ. ಒಂದು ಎಫೆಕ್ಟ್ ಆರಿಸಿದ ಮೇಲೆ ಸರಿಹೋಗುತ್ತದೆ. ಎಫೆಕ್ಟುಗಳ ವೈವಿಧ್ಯದಲ್ಲಿ ಮಾತ್ರ ಚೀಸ್ ಹಿಂದೆ ಬಿದ್ದಿಲ್ಲ. ಮುಖ ಉಬ್ಬಿಸುವುದು, ಬಿಂಬಗಳನ್ನು ಸುತ್ತ ಜೋಡಿಸುವುದು, ಇಡೀ ಮೈಯನ್ನು ಹಸಿರು ಮಾಡುವುದು, ನೀರಿನ ಅಲೆಯಂತೆ ಕದಡುವುದು, ಎಲ್ಲ ಇದೆ.

ಇನ್ನು ನನ್ನ ತಲೆ ತಿಂದ ವಿಷಯಕ್ಕೆ ಬರುತ್ತೇನೆ. ಉಲ್ಟಾ ಅಕ್ಷರ.

ಫೋಟೋ ಬೂತ್‌ನ ಪರದೆ ಕನ್ನಡಿಯ ಹಾಗೆ. ನೀವು ಬಲಗೈ ಎತ್ತಿದರೆ ಪರದೆಯ ಬಲಗಡೆಯ ಕೈ ಎದ್ದಂತೆ ಕಾಣುತ್ತದೆ. ಇದು ಒಳ್ಳೆಯದೇ. ಆದರೆ ಅದು ಫೋಟೋವನ್ನೂ ಹಾಗೆ ಕನ್ನಡಿ ಬಿಂಬವಾಗಿಯೇ ಉಳಿಸುತ್ತದೆ. ಬರೀ ಮುಖವಾದರೆ ಯಾರಿಗೂ ಗೊತ್ತಾಗದು. ನಮ್ಮ ಆಟದಲ್ಲಿ ಪ್ರತಿ ಕೈಯಲ್ಲೂ ಸ್ಲೇಟು! 'ಹುಳಿ' ಹೋಗಿ ಯಾವುದೋ ಅನ್ಯಗ್ರಹದ ಲಿಪಿಯಾಗಿತ್ತು. ಗುಂಪಿಗೆ ಹಾಕಿದ ಮೇಲೆ ಒಬ್ಬ ತಾಯಿ ಫೋನ್ ಮಾಡಿದರು. "ಮಿಸ್, ನಮ್ಮ ಹುಡುಗ ಇನ್ನೂ ಅಕ್ಷರ ಉಲ್ಟಾ ಬರೀತಾನಾ?" ಕನ್ನಡ ಕಲಿಸುವವಳಿಗೆ ಇದಕ್ಕಿಂತ ಅವಮಾನ ಬೇಕಾ?

ವಿಂಡೋಸ್ ಈ ಒಂದು ವಿಷಯದಲ್ಲಿ ಜಾಣ. ನನ್ನ ಲ್ಯಾಪ್‌ಟಾಪಿನಲ್ಲಿ ಪರದೆ ಕನ್ನಡಿಯಂತೆ ತೋರಿಸುತ್ತದೆ, ಉಳಿಸುವಾಗ ನೆಟ್ಟಗೆ ಮಾಡಿ ಉಳಿಸುತ್ತದೆ. ಹೀಗೇ ಇರಬೇಕು ಅಲ್ವಾ? ಆದರೆ ಐದನೇ ಕ್ಲಾಸಿನ ನಮ್ಮ ಒಬ್ಬ ಬುದ್ಧಿವಂತ, ಪರದೆಯಲ್ಲಿ ಸ್ಲೇಟು ಉಲ್ಟಾ ಕಂಡದ್ದೇ ತಡ, ಅಳಿಸಿ, ಬಲದಿಂದ ಎಡಕ್ಕೆ ತಿರುಗಿಸಿ ಬರೆದ. ಪರದೆಯಲ್ಲಿ ಚೆನ್ನಾಗಿ ಓದಲು ಬಂತು. ಫೋಟೋದಲ್ಲಿ ಉಲ್ಟಾ ಬಂತು. ಅವನಿಗೆ ಬೆಳಕಿನ ಪಾಠ ಮಾಡಲು ಹೋಗಿ ಆ ದಿನದ ಆಟದ ಸಮಯ ಮುಗಿಯಿತು. ಅಷ್ಟು ಚೆನ್ನಾಗಿ ತಿರುಗಿಸಿ ಬರೆದವನನ್ನು ಬೈಯಲೂ ಮನಸ್ಸು ಬರಲಿಲ್ಲ.

ಚೀಸ್ ಇನ್ನೊಂದು ಥರ. ನನ್ನದರಲ್ಲಿ ಅದು ಕನ್ನಡಿ ಆಗುವುದೇ ಇಲ್ಲ. ಎದುರಿಗೆ ನಿಂತವರು ನಮ್ಮನ್ನು ಹೇಗೆ ನೋಡುತ್ತಾರೋ ಹಾಗೆ ತೋರಿಸುತ್ತದೆ, ಹಾಗೇ ಉಳಿಸುತ್ತದೆ. ಅಕ್ಷರ ಎರಡು ಕಡೆಯೂ ನೆಟ್ಟಗೆ. ಮಕ್ಕಳು ಮಾತ್ರ ಅಡ್ಡಾದಿಡ್ಡಿ. ಒಬ್ಬಳು ಫ್ರೇಮಿನ ಅಂಚಿನಲ್ಲಿ ಅರ್ಧ ಕಾಣುತ್ತಿದ್ದಾಳೆ ಅಂತ ಇಟ್ಟುಕೊಳ್ಳಿ. ಒಳಗೆ ಬರಲು ನೋಡುತ್ತಾಳೆ, ಪರದೆ ನೋಡಿಕೊಂಡು ಒಂದು ಹೆಜ್ಜೆ ಇಡುತ್ತಾಳೆ, ಪೂರ್ತಿ ಮಾಯವಾಗುತ್ತಾಳೆ. ಗಾಬರಿಯಾಗಿ ಇನ್ನೊಂದು ಹೆಜ್ಜೆ ಅದೇ ಕಡೆಗೆ. ಅಷ್ಟರಲ್ಲಿ ಮೂರು, ಎರಡು, ಒಂದು, ಕ್ಲಿಕ್.

ಚೀಸ್‌ನಲ್ಲಿ 'ಫ್ಲಿಪ್' ಅನ್ನೋ ಎಫೆಕ್ಟ್ ಇದೆ, ಅದು ಕನ್ನಡಿಯಂತೆ ತಿರುಗಿಸುತ್ತದೆ. ಸಮಸ್ಯೆ ಮುಗಿಯಿತು ಅಂದುಕೊಳ್ಳಬೇಡಿ. ಅದರಲ್ಲಿ ತೆಗೆದ ಫೋಟೋ ಕೂಡ ತಿರುಗಿಯೇ ಉಳಿಯುತ್ತದೆ, ಸ್ಲೇಟು ಮತ್ತೆ ಉಲ್ಟಾ. ಸಾಲದ್ದಕ್ಕೆ ಚೀಸ್ ಒಂದು ಸಲಕ್ಕೆ ಒಂದೇ ಎಫೆಕ್ಟ್ ಕೊಡುವುದು. ಕನ್ನಡಿ ಬೇಕೆಂದರೆ ಊದಿದ ಮೂಗು ಬಿಡಬೇಕು.

ಕೊನೆಗೆ ಪರಿಹಾರ ಸಿಕ್ಕಿದ್ದು ಸೀಮೆಸುಣ್ಣದಲ್ಲಿ. ಕ್ಯಾಮೆರಾಕ್ಕೆ ಎಷ್ಟು ಜಾಗ ಕಾಣುತ್ತದೆ ಅಂತ ನೋಡಿ ನೆಲದ ಮೇಲೆ ಒಂದು ಚೌಕ ಬರೆದೆ. ಚೌಕದೊಳಗೆ ಕಾಲಿದ್ದರೆ ಫೋಟೋದಲ್ಲಿ ಇದ್ದೀರಿ, ಪರದೆ ನೋಡಿ ನಡೆಯಬೇಡಿ ಅಂತ ನಿಯಮ ಮಾಡಿದೆ. ಕುಂಟೆಬಿಲ್ಲೆ ಆಡುವ ಮಕ್ಕಳಿಗೆ ಇದೇನು ಹೊಸದಲ್ಲ. ಅಲ್ಲಿಂದ ಚೀಸ್‌ನ ನೇರ ಚಿತ್ರ ನನಗೆ ತೊಂದರೆಯ ಬದಲು ಅನುಕೂಲವೇ ಆಯಿತು. ಮಗು ಬರೆದ ಅಕ್ಷರವನ್ನು ಪರದೆಯಲ್ಲೇ ಓದಿ, ಒತ್ತಕ್ಷರ ತಪ್ಪಿದ್ದರೆ ಅಲ್ಲೇ ಹೇಳಬಹುದು.

ಮ್ಯಾಕ್ ಇರುವವರು ಸುಣ್ಣ ಹುಡುಕಬೇಕಿಲ್ಲ. ಫೋಟೋ ಬೂತ್‌ನ ಎಡಿಟ್ ಮೆನುವಿನಲ್ಲಿ ಹೊಸ ಫೋಟೋಗಳನ್ನು ತಾನಾಗಿಯೇ ತಿರುಗಿಸುವ ಒಂದು ಆಯ್ಕೆ ಇದೆ, ಅದಕ್ಕೆ ಟಿಕ್ ಹಾಕಿ. ನನಗೆ ಇದು ಗೊತ್ತಾಗುವ ಹೊತ್ತಿಗೆ ಅಕ್ಕನ ಮಗ ರಜೆ ಮುಗಿಸಿ ಲ್ಯಾಪ್‌ಟಾಪ್ ಸಮೇತ ಬೆಂಗಳೂರಿಗೆ ಹೊರಟಿದ್ದ.

ದೊಡ್ಡ ಮಕ್ಕಳು ಚೀಸ್ ಫೋಟೋ ನೋಡಿ "ಮಿಸ್, ನಾನು ಹೀಗಿಲ್ಲ" ಅನ್ನುವುದುಂಟು. ಅದಕ್ಕೂ ಕಾರಣ ಇದೇ ಕನ್ನಡಿ. ಬೈತಲೆ, ಮಚ್ಚೆ, ಓರೆ ಹಲ್ಲು ಎಲ್ಲ ನಮಗೆ ಅಭ್ಯಾಸವಾದ ಕಡೆ ಬಿಟ್ಟು ಆ ಕಡೆ ಇರುತ್ತವೆ. 1977ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರು ಕಾಲೇಜು ಹುಡುಗಿಯರಿಗೆ ಅವರದೇ ಮುಖದ ಎರಡು ಪಟ ತೋರಿಸಿದ್ದರು, ಒಂದು ನೇರ, ಒಂದು ಕನ್ನಡಿಯಂತೆ ತಿರುಗಿಸಿದ್ದು. ಹೆಚ್ಚಿನವರು ಕನ್ನಡಿಯದ್ದನ್ನೇ ಇಷ್ಟಪಟ್ಟರು. ಅವರ ಆಪ್ತರು ಹೆಚ್ಚಾಗಿ ನೇರದ್ದನ್ನು ಇಷ್ಟಪಟ್ಟರು. ಅದಕ್ಕೇ ನಮ್ಮ ಗುಂಪಿನಲ್ಲಿ ಅಮ್ಮಂದಿರಿಗೆ ಫೋಟೋ ಚೆನ್ನಾಗಿದೆ, ಏಳನೇ ಕ್ಲಾಸಿನ ಹುಡುಗಿಯರಿಗೆ ಡಿಲೀಟ್ ಮಾಡಿ ಅನ್ನೋ ಹಟ.

ಫೋಟೋ ಎಷ್ಟು ಕ್ಲಿಯರ್ ಬರುತ್ತದೆ ಅಂತ ಕೇಳಿದರೆ, ಮೂರರದ್ದೂ 720ಪಿ ಕ್ಯಾಮೆರಾ. ಅಂದರೆ ಒಂದು ಚಿತ್ರಕ್ಕೆ ಒಂಬತ್ತು ಲಕ್ಷ ಚಿಲ್ಲರೆ ಚುಕ್ಕಿ, ಒಂದು ಮೆಗಾಪಿಕ್ಸೆಲ್ ಕೂಡ ಪೂರ್ತಿ ಇಲ್ಲ. 2020ರ ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರ್‌ನಲ್ಲೂ ಅಷ್ಟೇ ಇತ್ತು. ಆಪಲ್ ಆ ಸಾಲಿಗೆ ಇನ್ನೂ ಹೆಚ್ಚು ಚುಕ್ಕಿಯ 1080ಪಿ ಕೊಟ್ಟದ್ದು 2022ರ ಎಂ2 ಚಿಪ್ಪಿನದ್ದರಲ್ಲಿ. ಲ್ಯಾಪ್‌ಟಾಪಿನ ಮುಚ್ಚಳ ಅಷ್ಟು ತೆಳ್ಳಗಿರುವಾಗ ದೊಡ್ಡ ಲೆನ್ಸ್ ಎಲ್ಲಿ ಕೂರಿಸುತ್ತಾರೆ? ಮುಖವನ್ನೇ ಊದಿಸಿ ತಿರುಚುವವಳಿಗೆ ಚರ್ಮದ ರಂಧ್ರ ಎಣಿಸುವ ಕ್ಯಾಮೆರಾ ಬೇಕಾಗಿಯೂ ಇಲ್ಲ. ಹೊಸದಕ್ಕೆ ನಲವತ್ತು ಸಾವಿರ ಕೊಟ್ಟೆನಲ್ಲ, ಅದರ ಕ್ಯಾಮೆರಾ ಕಣ್ಣಿಗೆ ಕಾಣುವಷ್ಟು ಸುಧಾರಿಸಿಲ್ಲ ಅನ್ನೋದು ಬೇರೆ ಸಂಕಟ.

ಬೆಳಕಿನ ಬಗ್ಗೆ ಒಂದು ಮಾತು. ಸಂಜೆ ಬಲ್ಬಿನ ಕೆಳಗೆ ಚಿತ್ರದ ಮೇಲೆ ಅಡ್ಡಪಟ್ಟಿಗಳು ಹರಿದಾಡಿದರೆ ಕ್ಯಾಮೆರಾ ಕೆಟ್ಟಿದೆ ಅಂತ ಅಂಗಡಿಗೆ ಓಡಬೇಡಿ. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಸುತ್ತು, ಕ್ಯಾಮೆರಾ 60ಕ್ಕೆ ಹೊಂದಿಸಿದ್ದರೆ ಹೀಗಾಗುತ್ತದೆ. ವಿಂಡೋಸ್ ಕ್ಯಾಮೆರಾದ ಸೆಟ್ಟಿಂಗಿನಲ್ಲಿ 50 ಆರಿಸಬಹುದು. ಚೀಸ್‌ನಲ್ಲಿ ಆ ಗುಂಡಿ ಇಲ್ಲ, ಅಕ್ಕನ ಮಗ ಟರ್ಮಿನಲ್ಲಿನಲ್ಲಿ ಏನೋ ಕಮಾಂಡ್ ಕೊಟ್ಟು ಸರಿಮಾಡಿಟ್ಟ.

ಸಾಲಾಗಿ ಫೋಟೋ ತೆಗೆಯುವುದರಲ್ಲಿ ಇಬ್ಬರಿಗೂ ಸಮ ಅಂಕ. ಫೋಟೋ ಬೂತ್ ನಾಲ್ಕು ಫೋಟೋ ಪಟಪಟ ತೆಗೆದು ಒಂದೇ ಹಾಳೆಯಲ್ಲಿ ಜೋಡಿಸಿ ಕೊಡುತ್ತದೆ, ಪ್ರಿಂಟ್ ಹಾಕಿಸಲು ಚೆಂದ. ಚೀಸ್‌ನಲ್ಲಿ ಎಷ್ಟು ಫೋಟೋ, ಎಷ್ಟು ಸೆಕೆಂಡಿಗೊಂದು ಅಂತ ನಾವೇ ಹೇಳಬಹುದು. ಜೋಡಿಸುವ ಕೆಲಸ ನಮ್ಮದೇ. ಹತ್ತು ಫೋಟೋಗೆ ಇಟ್ಟು ನಾನು ನೋಟ್‌ಬುಕ್ ತಿದ್ದುತ್ತಾ ಕೂರುತ್ತೇನೆ.

ವಿಡಿಯೋದಲ್ಲಿ ಚೀಸ್ ಸೋಲುತ್ತದೆ. ಅದು ಉಳಿಸುವುದು ವೆಬ್‌ಎಂ ಅನ್ನೋ ರೂಪದಲ್ಲಿ. ವಾಟ್ಸಾಪಿಗೆ ಹಾಕಿದರೆ ನನ್ನದರಲ್ಲಿ ವಿಡಿಯೋ ಆಗಿ ಹೋಗುವುದಿಲ್ಲ, ಫೈಲ್ ಆಗಿ ಹೋಗುತ್ತದೆ, ಅರ್ಧ ಅಪ್ಪಂದಿರು ತೆರೆಯುವುದೇ ಇಲ್ಲ. ವಿಎಲ್‌ಸಿ ಅನ್ನೋ ಪ್ರೋಗ್ರಾಂನಲ್ಲಿ ಎಂಪಿ4 ರೂಪಕ್ಕೆ ಬದಲಿಸಿ ಕಳಿಸಬೇಕು. ಹಳೇ ಯಂತ್ರಕ್ಕೆ ಉಸಿರು ಕಟ್ಟಿದಾಗ ಮಾತು ಮುಂದೆ, ತುಟಿ ಹಿಂದೆ. ವಿಡಿಯೋ ಇದ್ದ ದಿನ ಮಾತ್ರ ಹೊಸ ಲ್ಯಾಪ್‌ಟಾಪ್ ತೆರೆಯುತ್ತೇನೆ, ವಿಂಡೋಸ್ ನೇರವಾಗಿ ಎಂಪಿ4 ಕೊಡುತ್ತದೆ. ಮ್ಯಾಕ್‌ನಲ್ಲಿ ಇನ್ನೊಂದು ಮಜಾ. 2023ರಲ್ಲಿ ಬಂದ ಸೊನೋಮಾ ಅನ್ನೋ ಮ್ಯಾಕ್ ಆವೃತ್ತಿಯಿಂದ ಈಚೆಗೆ ಕ್ಯಾಮೆರಾ ಮುಂದೆ ಎರಡು ಹೆಬ್ಬೆರಳು ಎತ್ತಿದರೆ ಹಿಂದೆ ಪಟಾಕಿ ಹಾರುತ್ತದೆ. ಮಕ್ಕಳಿಗೆ ಹುಚ್ಚೇ ಹಿಡಿಯಿತು. ಅಕ್ಕನ ಮಗನಿಗೆ ಆಮೇಲೆ ಕಾಲೇಜಿನ ಮೀಟಿಂಗಿನಲ್ಲೂ ಪಟಾಕಿ ಹಾರಿತಂತೆ.

ಇಷ್ಟೆಲ್ಲ ಇದ್ದರೂ ಮ್ಯಾಕ್ ಯಾಕೆ ಬೇಡ? ದುಡ್ಡು. ಶನಿವಾರದ ಅರ್ಧ ಗಂಟೆಯ ನಗುವಿಗೆ ಅಷ್ಟು ಹಾಕಲು ಟ್ಯೂಷನ್ ಫೀಸು ಒಪ್ಪುವುದಿಲ್ಲ. ಇನ್ನೊಂದು ಕಾರಣ ಭಯ. ಬಳಪದ ಪುಡಿ ಮೆತ್ತಿದ ಹತ್ತಾರು ಕೈಗಳು ಲಕ್ಷದ ಹತ್ತಿರದ ವಸ್ತುವಿನ ಮೇಲೆ ಬೀಳುವಾಗ ನಾನು ನಗಲಾರೆ. ಹಳೇದರ ಬ್ಯಾಟರಿ ಸತ್ತಿದೆ, ಕರೆಂಟ್ ಹೋದರೆ ಆಟವೂ ಹೋಯಿತು. ಮೂಲೆ ಒಡೆದಿದೆ. ಯಾರು ಏನು ಒತ್ತಿದರೂ ನನಗೆ ಚಿಂತೆಯಿಲ್ಲ. ವಾರಕ್ಕೆ ಒಂದೆರಡು ಫೋಟೋ ಬೇಕಾದವರಿಗೆ, ಮನೆಯಲ್ಲಿ ಮಕ್ಕಳು ಒಬ್ಬರೋ ಇಬ್ಬರೋ ಇರುವವರಿಗೆ, ಮ್ಯಾಕ್ ಆಗಲೇ ಇದ್ದರೆ ಫೋಟೋ ಬೂತ್‌ಗಿಂತ ಬೇರೇನೂ ಬೇಡ. ಅದಕ್ಕೋಸ್ಕರ ಮ್ಯಾಕ್ ಕೊಳ್ಳಬೇಡಿ, ಅಷ್ಟೇ.

ಹಳೇ ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಿಸಲು ಹೊರಟಿದ್ದರೆ ಇದನ್ನು ನೆನಪಿಡಿ. ಲಿನಕ್ಸಿನಲ್ಲಿ ಪರದೆ, ಮೆನು, ಆ್ಯಪ್‌ಗಳನ್ನು ಕೊಡುವ ಗ್ನೋಮ್ ಅನ್ನೋದೊಂದಿದೆ; 2023ರಲ್ಲಿ ಬಂದ ಅದರ 45ನೇ ಆವೃತ್ತಿಯಿಂದ ಚೀಸ್ ಜಾಗಕ್ಕೆ ಸ್ನ್ಯಾಪ್‌ಶಾಟ್ ಅನ್ನೋದನ್ನು ಕೂರಿಸಿದ್ದಾರೆ. ಪಟ್ಟಿಯಲ್ಲಿ ಬರೀ 'ಕ್ಯಾಮೆರಾ' ಅಂತ ಕಾಣುತ್ತದೆ. ನೋಡಲು ಅಚ್ಚುಕಟ್ಟು, ಎಫೆಕ್ಟ್ ಒಂದೂ ಇಲ್ಲ. ಕ್ಯಾಮೆರಾ ಆ್ಯಪ್ ಇದೆಯಲ್ಲ ಮೇಡಂ ಅಂತ ಅಂಗಡಿಯ ಹುಡುಗ ಹೇಳಿದರೆ ಒಪ್ಪಬೇಡಿ. ಚೀಸ್ ಅಂತಲೇ ಹುಡುಕಿ ಬೇರೆಯಾಗಿ ಹಾಕಿಕೊಡಲು ಹೇಳಿ, ಎದುರಿಗೇ ಒಂಬತ್ತು ಮನೆ ತೆರೆಸಿ ನೋಡಿ, ಆಮೇಲೆ ದುಡ್ಡು ಕೊಡಿ.